ಹಿಂದಿನ ಪಾಟಾ: ಲಾರಿಯ ಲೆಕ್ಕ ಕಾರಿಗೆ ಬೇಡ

ಹಳೆ ಕಾರು ಇಟ್ಟುಕೊಂಡವರು ಗದಗಿನಲ್ಲಿ ಇಬ್ಬರು ಸೇರಿದರೆ ಮಾತು ಮೊದಲು ಕಾರ್ಬೊರೇಟರಿಗೆ ಹೋಗುತ್ತದೆ, ಆಮೇಲೆ ಬಣ್ಣಕ್ಕೆ, ಆಮೇಲೆ ಸೀಟಿನ ಬಟ್ಟೆಗೆ. ಹಿಂದಿನ ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಸುದ್ದಿ ಬರುವುದು ಕಾರು ಕೂತ ಮೇಲೆಯೇ. ಡಿಕ್ಕಿ ನೆಲದ ಕಡೆ ಜಗ್ಗಿ, ಮೂತಿ ಮೇಲೆದ್ದು, ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಬೇವಿನ ಮರದ ತುದಿ ಬೆಳಗತೊಡಗಿದಾಗ ಮಾಲೀಕ ಗ್ಯಾರೇಜಿಗೆ ಬರುತ್ತಾನೆ. ಅಲ್ಲಿ ಸಿಗುವ ಉತ್ತರ ನೂರಕ್ಕೆ ತೊಂಬತ್ತು ಸಲ ಒಂದೇ: "ಒಂದ ಪಾಟಾ ಹೆಚ್ಚಿಗಿ ಹಾಕಿಬಿಡ್ತೀನ್ರಿ, ಮತ್ತ ಎಂದೂ ಕೂಡಂಗಿಲ್ಲ ನೋಡ್ರಿ."

ನಾನೂ ಹಾಕಿಸಿದ್ದೆ. ನನ್ನದು 1978ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಇವತ್ತಿಗೂ ಅದು 'ಫಿಯೆಟ್ಟು'. ಯಾವುದೋ ಗುಜರಿ ಗಾಡಿಯಿಂದ ತೆಗೆದ ತುಸು ದಪ್ಪನೆಯ ಪಟ್ಟಿಯನ್ನು ಅಳತೆಗೆ ಕತ್ತರಿಸಿ ಎರಡೂ ಕಡೆ ಸೇರಿಸಿದರು. ಹಿಂಭಾಗ ಎರಡು ಇಂಚು ಎದ್ದಿತು. ನೋಡಲು ಚೆಂದವೇ. ಅದೇ ವಾರ ಡಂಬಳದ ಮೇಲೆ ಮುಂಡರಗಿಗೆ ಹೋಗಿ ಬಂದೆವು. ಹಿಂದಿನ ಸೀಟಿನಲ್ಲಿದ್ದ ಅತ್ತಿಗೆ ಇಳಿಯುವಾಗ ಸೊಂಟ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ಮುಂದಿನ ಸಲ ಟ್ರ್ಯಾಕ್ಟರ್ ತರ್ರಿ, ಗಾಳಿಯರೆ ಬರ್ತೈತಿ." ಮೂರನೇ ತಿಂಗಳಿಗೆ ಹಿಂದಿನ ಎಡ ಶಾಕ್‌ಅಬ್ಸಾರ್ಬರಿನ ಮೇಲಿನ ಹಿಡಿ ಬಿರಿಯಿತು. ವರ್ಷ ತುಂಬುವ ಮೊದಲೇ ಮೇನ್ ಪಾಟಾ ಸೀಳಿತು. ಸೀಳಿದ್ದು ಬೇರೆಲ್ಲೂ ಅಲ್ಲ, ಹೊಸದಾಗಿ ಸೇರಿಸಿದ ಗಿಡ್ಡ ಪಟ್ಟಿಯ ತುದಿ ಎಲ್ಲಿ ಮುಗಿದಿತ್ತೋ ಸರಿಯಾಗಿ ಅಲ್ಲಿಯೇ. ಮೆಕ್ಯಾನಿಕ್ ಕೈಗುಣ ಕೆಟ್ಟದ್ದಾಗಿರಲಿಲ್ಲ. ಅವನು ಕಲಿತ ಲೆಕ್ಕ ಲಾರಿಯದಾಗಿತ್ತು.

ಈ ಲಾರಿ ಲೆಕ್ಕ ನಮ್ಮ ಕಡೆ ಬೇರೂರಿದ್ದಕ್ಕೆ ಕಾರಣವಿದೆ. ಗದಗ ಮಾರುಕಟ್ಟೆಯ ಊರು. ಮೆಣಸಿನಕಾಯಿ, ಹತ್ತಿ, ಹೆಸರು, ಉಳ್ಳಾಗಡ್ಡಿ ಎಲ್ಲವೂ ಇಲ್ಲಿಂದ ಬಹುಮಟ್ಟಿಗೆ ಲಾರಿಯ ಮೇಲೆಯೇ ಹೋಗುತ್ತವೆ. ಮುದ್ರಣದ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಶುರುಮಾಡಿದ ವಿಆರ್‌ಎಲ್ ಹುಟ್ಟಿದ್ದು ಈ ಊರಿನಲ್ಲಿ; ಬೆಳೆದು ಹುಬ್ಬಳ್ಳಿಗೆ ಹೋದದ್ದು ಆಮೇಲೆ. ಲಾರಿ ಇದ್ದಲ್ಲಿ ಪಾಟಾದ ಅಂಗಡಿ ಇರಲೇಬೇಕು. ಹೆದ್ದಾರಿಯ ಬದಿಯಲ್ಲಿ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಟ್ಟು, ಎಂಟು ಪೌಂಡಿನ ಸುತ್ತಿಗೆಯಿಂದ ಸೆಂಟರ್ ಬೋಲ್ಟ್ ಬಡಿಯುವ ಹುಡುಗರು ಈ ವಿದ್ಯೆಯಲ್ಲಿ ಪಳಗಿದವರು. ಆದರೆ ಹತ್ತು ಟನ್ ಹೊರುವ ಗಾಡಿಯಲ್ಲಿ ಪಾಟಾ ಕೂರದಿರುವುದೇ ಗುಣ. ನಾಲ್ಕು ಜನ ಕೂತು ಹೋಗುವ ಕಾರಿನಲ್ಲಿ ಪಾಟಾ ಕೂತು ಏಳುವುದೇ ಗುಣ. ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದ ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಎಷ್ಟೋ ಒಳ್ಳೆಯ ಕಾರುಗಳು ಹಿಂಭಾಗ ಎತ್ತಿಕೊಂಡು ಕುಪ್ಪಳಿಸುತ್ತ ಓಡಾಡುತ್ತಿವೆ.

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳೋಣ. ಪುಸ್ತಕದಲ್ಲಿ ಇದು ಲೀಫ್ ಸ್ಪ್ರಿಂಗ್. ಗ್ಯಾರೇಜಿನಲ್ಲಿ ಪಾಟಾ, ಕೆಲವರ ಬಾಯಲ್ಲಿ ಕಮಾನು. ಮರಾಠಿಯವರದ್ದೂ ಪಾಟಾ ಎಂಬ ಮಾತೇ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದ ಸೀಮೆಯಲ್ಲಿ ಇದು ಅಚ್ಚರಿಯಲ್ಲ. ಸೆಟ್ಟಿನಲ್ಲಿ ಎಲ್ಲಕ್ಕಿಂತ ಉದ್ದನೆಯದು, ಎರಡೂ ತುದಿ ಸುರುಳಿ ಸುತ್ತಿ ಕಣ್ಣು ಮಾಡಿದ್ದು ಮೇನ್ ಪಾಟಾ. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ. ಎಲ್ಲವನ್ನೂ ನಡುವೆ ಪೋಣಿಸಿ ಹಿಡಿದದ್ದು ಸೆಂಟರ್ ಬೋಲ್ಟ್. ಆಕ್ಸಲ್ಲಿಗೆ ಬಿಗಿದದ್ದು ಯು-ಬೋಲ್ಟ್. ಮುಂದಿನ ಕಣ್ಣು ಚಾಸಿಗೆ ನೇರ ಕೂತಿರುತ್ತದೆ. ಹಿಂದಿನ ಕಣ್ಣು ತೂಗಾಡುವ ಶಕಲ್ ಮೇಲೆ. ಬಾಗಿದ ಪಾಟಾ ಚಪ್ಪಟೆಯಾದಾಗ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಬೇಕು. ಈ ವಿದ್ಯೆ ಮೋಟಾರಿಗಿಂತ ಹಳೆಯದು. ಲಂಡನ್ನಿನ ಗಾಡಿ ತಯಾರಕ ಒಬಡಾಯಾ ಎಲಿಯಟ್ 1804ರಲ್ಲಿ ಕುದುರೆಗಾಡಿಗೆ ಕಮಾನು ಕಟ್ಟುವ ಹಕ್ಕು ಪಡೆದ. ನಮ್ಮ ಟಾಂಗಾಗಳ ಅಡಿಯಲ್ಲಿ ಇದ್ದದ್ದೂ ಅದರದೇ ತಮ್ಮ.

ಈಗ ಯಾವ ಕಾರುಗಳ ಮಾತು? ನಮ್ಮ ನಾಲ್ಕು ಊರುಗಳಲ್ಲಿ ಹಳೆ ಕಾರೆಂದರೆ ಬಹುಮಟ್ಟಿಗೆ ಮೂರೇ. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಹುಟ್ಟಿ 1950ರ ದಶಕದ ಕೊನೆಯಿಂದ 2014ರ ಮೇ ತನಕ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್. ಮುಂಬಯಿಯ ಕುರ್ಲಾದಿಂದ ಬಂದ ಫಿಯೆಟ್ ಅಥವಾ ಪದ್ಮಿನಿ. ಮತ್ತೆ ಮಹೀಂದ್ರ ಜೀಪು. ಅಂಬಾಸಿಡರಿನ ಮುಂಭಾಗದಲ್ಲಿ ತಿರುಚುವ ಸಲಾಕೆ, ಪದ್ಮಿನಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗು. ಹಿಂದೆ ಮಾತ್ರ ಎರಡಕ್ಕೂ ಪಾಟಾ. ಜೀಪಿಗೆ ನಾಲ್ಕೂ ಮೂಲೆಗೆ ಪಾಟಾ. ಅಪರೂಪಕ್ಕೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸಿಗುತ್ತದೆ. ಅದರ ಕತೆ ಬೇರೆ, ಮುಂದೆ ಹೇಳುತ್ತೇನೆ. ಕಾಂಟೆಸ್ಸಾ ಇದ್ದವರು ಈ ಲೇಖನ ಓದಬೇಕಿಲ್ಲ, ಅದರ ಹಿಂಭಾಗದಲ್ಲಿ ಸುರುಳಿ ಸ್ಪ್ರಿಂಗು.

ಪಾಟಾ ಆರಿಸುವ ಮುನ್ನ ರಸ್ತೆ ನೋಡಬೇಕು. ಇಲ್ಲಿ ನಮಗೆ ಎರಡು ಬಗೆಯ ನೆಲ. ಒಂದು ಎರೆ, ಇನ್ನೊಂದು ಮಸಾರಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ. ಅದರ ಮೇಲೆ ಎಷ್ಟೇ ನುಣುಪಾಗಿ ಡಾಂಬರು ಹಾಸಿದರೂ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಅಲೆಅಲೆಯಾಗುತ್ತದೆ. ಗುಂಡಿ ಇರುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಕಾರು ದೋಣಿಯಾಗುತ್ತದೆ. ಕಪ್ಪತಗುಡ್ಡದ ಸೆರಗಿನ ಮಸಾರಿಯಲ್ಲಿ ತೊಂದರೆ ಉಲ್ಟಾ: ನೆಲ ಗಟ್ಟಿ, ಆದರೆ ಜಲ್ಲಿ ಕಿತ್ತುಬಂದು ಚೂಪು ಚೂಪು ಕುಲುಕು. ಗದಗಿನಿಂದ ಹೊರಟು ಎರೆ ದಾಟಿ ಗುಡ್ಡದ ಮಗ್ಗುಲಿಗೆ ಬರುವಷ್ಟರಲ್ಲಿ ಒಂದೇ ಪಯಣದಲ್ಲಿ ಎರಡೂ ಪರೀಕ್ಷೆ ಮುಗಿಯುತ್ತದೆ.

ಅಲೆಯ ರಸ್ತೆಯಲ್ಲಿ ನಡೆಯುವುದು ಏನೆಂದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಒಂಬತ್ತು ಮೀಟರಿಗೊಂದು ಅಲೆ ಇದೆ ಎನ್ನಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋದರೆ ಸೆಕೆಂಡಿಗೆ ಸುಮಾರು 14 ಮೀಟರ್ ಆಯಿತು, ಅಂದರೆ ಸೆಕೆಂಡಿಗೆ ಒಂದೂವರೆ ಅಲೆ. ಸರಿಯಾದ ಪಾಟಾ ಇರುವ ಕಾರಿನ ಹಿಂಭಾಗವೂ ತನ್ನಷ್ಟಕ್ಕೆ ತೂಗುವುದು ಹೆಚ್ಚುಕಡಿಮೆ ಸೆಕೆಂಡಿಗೆ ಒಂದೂವರೆ ಸಲವೇ. ರಸ್ತೆಯ ತಾಳ, ಕಾರಿನ ತಾಳ ಒಂದಾದವು. ಜೋಕಾಲಿಗೆ ಸರಿಯಾದ ಹೊತ್ತಿಗೆ ಕೈಕೊಟ್ಟ ಹಾಗೆ ಏರಿಳಿತ ಬೆಳೆಯುತ್ತ ಹೋಗುತ್ತದೆ. 40ಕ್ಕೆ ಇಳಿಸಿದರೆ ಇಲ್ಲವೇ 60ಕ್ಕೆ ಏರಿಸಿದರೆ ತಣ್ಣಗಾಗುತ್ತದೆ. ಇದನ್ನು ಅನುಭವಿಸಿದವರೆಲ್ಲ 'ಪಾಟಾ ಮೆತ್ತಗಾಗೈತಿ' ಎನ್ನುತ್ತಾರೆ. ಮೆತ್ತಗಾದದ್ದು ಪಾಟಾ ಅಲ್ಲ, ಶಾಕ್‌ಅಬ್ಸಾರ್ಬರ್. ಏರಿಳಿತವನ್ನು ಕೊಲ್ಲುವ ಕೆಲಸ ಅದರದು. ಪಾಟಾ ಗಟ್ಟಿ ಮಾಡಿದರೆ ಕುಣಿತ ನಿಲ್ಲುವುದಿಲ್ಲ, ಇನ್ನೊಂದು ವೇಗಕ್ಕೆ ಜಾರುತ್ತದೆ, ಅಷ್ಟೇ. ಜೊತೆಗೆ ಮಸಾರಿಯ ಕುಲುಕು ನೇರ ಬೆನ್ನುಮೂಳೆಗೆ.

ಇನ್ನು ಗಟ್ಟಿತನದ ಲೆಕ್ಕ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಸೆಟ್ಟಿನ ಬಿಗುವು ಪಾಟಾಗಳ ಸಂಖ್ಯೆಗೆ ತಕ್ಕಂತೆ, ಅಗಲಕ್ಕೆ ತಕ್ಕಂತೆ ಏರುತ್ತದೆ. ಐದು ಇದ್ದಲ್ಲಿ ಅದೇ ದಪ್ಪದ ಆರನೆಯದು ಬಂದರೆ ಐದರಲ್ಲಿ ಒಂದು ಪಾಲು ಹೆಚ್ಚು. ಆದರೆ ದಪ್ಪಕ್ಕೆ ಮಾತ್ರ ಘನದ ಲೆಕ್ಕ. 6 ಮಿ.ಮೀ. ಇದ್ದದ್ದು 7 ಆದರೆ ಆರರಲ್ಲಿ ಒಂದು ಪಾಲು ಏರಿತು ಎಂದುಕೊಳ್ಳುತ್ತೇವೆ. ಏಳರ ಘನ 343, ಆರರ ಘನ 216, ಭಾಗಿಸಿ ನೋಡಿ: ಬಿಗುವು ಶೇ 59ರಷ್ಟು ಏರಿತು. 8 ಮಿ.ಮೀ.ನ ಒಂದು ಪಟ್ಟಿ 6 ಮಿ.ಮೀ.ನ ಎರಡೂವರೆ ಪಟ್ಟಿಗೆ ಹತ್ತಿರ. ನನ್ನ ಫಿಯೆಟ್ಟಿಗೆ 'ಒಂದ ಪಾಟಾ' ಎಂದು ಹಾಕಿದ್ದು ಲೆಕ್ಕದಲ್ಲಿ ಒಂದಾಗಿರಲೇ ಇಲ್ಲ. ಉದ್ದಕ್ಕೂ ಘನದ ಲೆಕ್ಕವೇ, ಆದರೆ ತಿರುಗುಮುರುಗು: ಪಾಟಾ ಗಿಡ್ಡವಾದಷ್ಟೂ ಬಿಗುವು ಜಿಗಿಯುತ್ತದೆ. ಆದ್ದರಿಂದ ಗುಜರಿಯಿಂದ ತಂದ ಪಟ್ಟಿಯನ್ನು ವರ್ನಿಯರಿನಿಂದ ಅಳೆಯದೆ ಕಾರಿಗೆ ಸೇರಿಸಬಾರದು. ಕಣ್ಣಳತೆಗೆ ಒಂದು ಮಿಲಿಮೀಟರ್ ಕಾಣುವುದಿಲ್ಲ, ಸೊಂಟಕ್ಕೆ ಕಾಣುತ್ತದೆ.

ಬಿಗುವನ್ನು ಮನೆಯಂಗಳದಲ್ಲೇ ಅಳೆಯಬಹುದು. ಬೇಕಾದದ್ದು ಎರಡು ಸಿಮೆಂಟ್ ಚೀಲ, ಒಂದು ಟೇಪು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಡಿಕ್ಕಿಯನ್ನು ನಾಲ್ಕು ಸಲ ಒತ್ತಿ ಅಲುಗಾಡಿಸಿ ಬಿಡಿ. ಪಾಟಾಗಳ ನಡುವೆ ಉಜ್ಜುವಿಕೆ ಇರುವುದರಿಂದ ಅಲುಗಾಡಿಸದೆ ಅಳೆದ ಅಳತೆ ಸುಳ್ಳು ಹೇಳುತ್ತದೆ. ಹಿಂದಿನ ಗಾಲಿಯ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದುಕೊಳ್ಳಿ. ಆಮೇಲೆ 50 ಕೆ.ಜಿ.ಯ ಎರಡು ಚೀಲವನ್ನು ಆಕ್ಸಲ್ಲಿನ ನೇರಕ್ಕೆ ಬರುವ ಹಾಗೆ ಇಟ್ಟು, ಮತ್ತೆ ಅಲುಗಾಡಿಸಿ, ಮತ್ತೆ ಅಳೆಯಿರಿ. 25 ಮಿ.ಮೀ. ಇಳಿದರೆ ಎರಡೂ ಸೆಟ್ ಸೇರಿ ಮಿಲಿಮೀಟರಿಗೆ 4 ಕೆ.ಜಿ., ಒಂದೊಂದಕ್ಕೆ 2 ಕೆ.ಜಿ. ಖಾಲಿ ಕಾರಿನಲ್ಲಿ ಒಂದು ಸೆಟ್ಟಿನ ಮೇಲೆ 225 ಕೆ.ಜಿ. ಭಾರ ಇದೆ ಎಂದಿಟ್ಟುಕೊಂಡರೆ ಅದು 112 ಮಿ.ಮೀ. ಬಾಗಿ ನಿಂತಿರುತ್ತದೆ, ನಿಮಿಷಕ್ಕೆ ಸುಮಾರು 90 ಸಲ ತೂಗುತ್ತದೆ. ಅದೇ ಸೆಟ್ಟು ಮಿಲಿಮೀಟರಿಗೆ 3 ಕೆ.ಜಿ.ಯದಾದರೆ ಬಾಗು 75ಕ್ಕೆ ಇಳಿದು ತೂಗು 110ರ ಹತ್ತಿರ ಹೋಗುತ್ತದೆ. ನಿಮಿಷಕ್ಕೆ 60ರಿಂದ 90ರ ತೂಗು ನಡಿಗೆಯ ತಾಳಕ್ಕೆ ಸಮೀಪ, ಮೈಗೆ ಒಗ್ಗುತ್ತದೆ. ನೂರು ದಾಟಿದ್ದು ಕುಲುಕು.

ಈ ಅಳತೆಯಿಂದ ಇನ್ನೊಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಕಾರು ಕೂತಿದೆ ಎಂದ ಮಾತ್ರಕ್ಕೆ ಪಾಟಾದ ಬಿಗುವು ಕಡಿಮೆಯಾಗಿರುವುದಿಲ್ಲ. ಉಕ್ಕಿನ ಬಿಗುವು ವಯಸ್ಸಿನಿಂದ ಇಳಿಯುವುದಿಲ್ಲ. ಇಳಿಯುವುದು ಕಮಾನಿನ ಬಾಗು. ನಲವತ್ತು ವರ್ಷ ಹೊತ್ತ ಪಾಟಾ ಮೊದಲಿನಷ್ಟೇ ಬಿಗುವಾಗಿದ್ದು, ಎರಡು ಇಂಚು ಚಪ್ಪಟೆಯಾಗಿರುತ್ತದೆ, ಅಷ್ಟೇ. ಹಾಗಾದರೆ ಅದಕ್ಕೆ ಬೇಕಾದದ್ದು ಹಳೆಯ ಬಾಗು. ಬಿಗುವು ಹೆಚ್ಚಿಸುವುದು ಜ್ವರ ಬಂದವನಿಗೆ ಚಶ್ಮಾ ಕೊಟ್ಟ ಹಾಗೆ. ಒಂದು ಕಡೆ ಮಾತ್ರ ಹೆಚ್ಚು ಕೂತಿದ್ದರೆ ಅದಕ್ಕೂ ಕಾರಣ ಹುಡುಕಿ. ಡ್ರೈವರ್ ಒಬ್ಬನೇ ಓಡಾಡಿದ ಕಾರು ಬಲಕ್ಕೆ ಕೂರುತ್ತದೆ. ಡಿಕ್ಕಿಯಲ್ಲಿ ಗ್ಯಾಸ್ ಟ್ಯಾಂಕ್ ಕೂರಿಸಿದ ಅಂಬಾಸಿಡರ್ ಇಡಿಯಾಗಿ ಹಿಂದಕ್ಕೆ ಕೂರುತ್ತದೆ. ಗ್ಯಾಸ್ ಟ್ಯಾಂಕ್ ಇರಲೇಬೇಕೆಂದಿದ್ದರೆ ಆಗ, ಆಗ ಮಾತ್ರ, ಅದೇ ದಪ್ಪದ ಒಂದು ಪಾಟಾ ಹೆಚ್ಚಿಗೆ ಹಾಕಿಸುವುದಕ್ಕೆ ಅರ್ಥವಿದೆ.

ಹಾಗಾದರೆ ದಾರಿಗಳು ಯಾವುವು? ಕಡಿಮೆ ಖರ್ಚಿನದು, ನಾನು ಎಲ್ಲರಿಗೂ ಮೊದಲು ಹೇಳುವುದು, ಇರುವ ಸೆಟ್ಟನ್ನೇ ಬಿಚ್ಚಿ ತೊಳೆಯುವುದು. ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ ಪಾಟಾಗಳು ಸಣ್ಣ ಕುಲುಕಿಗೆ ಜಾರುವುದೇ ಇಲ್ಲ, ಇಡೀ ಸೆಟ್ಟು ಒಂದೇ ಕಬ್ಬಿಣದ ತುಂಡಿನಂತೆ ನಿಲ್ಲುತ್ತದೆ. ಕಾರು ಟಯರಿನ ಗಾಳಿಯ ಮೇಲೆಯೇ ಓಡುತ್ತಿರುತ್ತದೆ. ವೈರ್ ಬ್ರಶ್ಶಿನಿಂದ ತುಕ್ಕು ತೆಗೆದು, ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿ ಕಟ್ಟಿದರೆ ಅದೇ ಕಾರು ಬೇರೆಯಾಗುತ್ತದೆ. ತೊಳೆದಾಗ ಬಿರುಕು ನೋಡಲೇಬೇಕು: ಸೆಂಟರ್ ಬೋಲ್ಟಿನ ತೂತಿನ ಸುತ್ತ, ಯು-ಬೋಲ್ಟಿನ ಅಂಚಿನಲ್ಲಿ, ಕಣ್ಣಿನ ಸುರುಳಿಯ ಬುಡದಲ್ಲಿ. ಸೀಮೆಎಣ್ಣೆ ಸವರಿ ಒರೆಸಿ ಸುಣ್ಣ ಬಳಿದರೆ ಬಿರುಕಿನಿಂದ ಎಣ್ಣೆ ಗೆರೆಯಾಗಿ ಹೊರಬರುತ್ತದೆ. ಬಿರುಕು ಕಂಡ ಪಾಟಾ ಗುಜರಿಗೆ. ಅದಕ್ಕೆ ವೆಲ್ಡಿಂಗ್ ಮಾಡಿಸುವವರನ್ನೂ ನೋಡಿದ್ದೇನೆ. ವೆಲ್ಡಿಂಗಿನ ಕಾವಿಗೆ ಪಕ್ಕದ ಉಕ್ಕಿನ ಹದ ಸತ್ತು, ಎರಡು ತಿಂಗಳಿಗೆ ಹೊಲಿಗೆಯ ಬದಿಯಲ್ಲೇ ಮುರಿಯುತ್ತದೆ.

ಬಿರುಕಿಲ್ಲ, ಬಾಗು ಮಾತ್ರ ಹೋಗಿದೆ ಎಂದರೆ ಮರುಬಾಗು. ಇದರಲ್ಲಿ ಎರಡು ಬಗೆ. ತಣ್ಣಗೆ ಬಡಿದು ಇಲ್ಲವೇ ಪ್ರೆಸ್ಸಿನಲ್ಲಿ ಒತ್ತಿ ಬಾಗಿಸುವುದು ಒಂದು. ಕಾಯಿಸಿ ಬಾಗಿಸಿ ಮತ್ತೆ ಹದ ಕೊಡುವುದು ಇನ್ನೊಂದು. ತಣ್ಣನೆಯದು ಅಗ್ಗ, ಆದರೆ ಬಾಗಿಸಿದ್ದರಲ್ಲಿ ಒಂದಿಷ್ಟು ಮೊದಲ ಕೆಲವು ತಿಂಗಳಲ್ಲೇ ಮರಳಿ ಹೋಗುತ್ತದೆ. ಕಾವಿನದು ಬಾಳುತ್ತದೆ, ಆದರೆ ಸರಿಯಾಗಿ ಮಾಡಿದರೆ. ಪಾಟಾದ ಉಕ್ಕಿನಲ್ಲಿ ಸುಮಾರು ಶೇ 0.55 ಇಂಗಾಲ, ಶೇ 2ರ ಹತ್ತಿರ ಸಿಲಿಕಾನ್, ತುಸು ಮ್ಯಾಂಗನೀಸ್. ಅದನ್ನು 850ರಿಂದ 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 450ರಿಂದ 500 ಡಿಗ್ರಿಯಲ್ಲಿ ಹದ ಇಳಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಪಾಟಾ ಗಾಜಾಗುತ್ತದೆ.

ನಮ್ಮ ಕಮ್ಮಾರರಿಗೆ ಈ ಉಕ್ಕು ಹೊಸದಲ್ಲ. ಲಾರಿಯ ಮುರಿದ ಪಾಟಾದಿಂದಲೇ ಊರೂರಿನ ಕುಡುಗೋಲು, ಕೊಡಲಿ, ಕತ್ತಿ ಹುಟ್ಟುತ್ತವೆ. ಅದಕ್ಕಿಂತ ಒಳ್ಳೆಯ ಉಕ್ಕು ಅವರಿಗೆ ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗುವುದಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ 'ಚುಯ್' ಎಂದು ಏಳುವ ಹೊಗೆ ನೋಡಿ ಹದ ಹೇಳುವ ಕಮ್ಮಾರನ ಮೇಲೆ ನನಗೆ ಅಪಾರ ಗೌರವ. ಆದರೂ ಕಾರಿನ ಪಾಟಾವನ್ನು ಅವನಿಗೆ ಕೊಡಬೇಡಿ ಎನ್ನುತ್ತೇನೆ. ಕುಡುಗೋಲಿಗೆ ಅಲಗು ಬೇಕು, ಪಾಟಾಕ್ಕೆ ಬಾಗಿ ಮರಳಿ ಬರುವ ಗುಣ ಬೇಕು. ಅಲಗಿನ ಹದಕ್ಕೆ ಬಂದ ಪಾಟಾ ಮೊದಲ ದೊಡ್ಡ ತಗ್ಗಿನಲ್ಲಿ ಟಣ್ಣೆನ್ನುತ್ತದೆ. ಎಣ್ಣೆಯ ತೊಟ್ಟಿ, ಶಾಖ ಅಳೆಯುವ ಕುಲುಮೆ ಇರುವ ಅಂಗಡಿ ಬೇಕು. ಅದಕ್ಕಾಗಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾಗಿ ಬಂದರೆ ಹೋಗಿ, ಬಸ್ ಚಾರ್ಜಿಗಿಂತ ಮೇನ್ ಪಾಟಾ ದುಬಾರಿ.

ಮರುಬಾಗು ಮಾಡಿಸುವಾಗ ಅಂಗಡಿಯವನು ಕಲಿತವನೋ ಅಲ್ಲವೋ ಎಂಬುದನ್ನು ಒಂದು ಗುರುತಿನಿಂದ ತಿಳಿಯಬಹುದು. ಒಳ್ಳೆಯ ಸೆಟ್ಟಿನಲ್ಲಿ ಪ್ರತಿ ಕೆಳಗಿನ ಪಾಟಾ ತನ್ನ ಮೇಲಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಾಗಿರುತ್ತದೆ. ಸಡಿಲವಾಗಿ ಒಂದರ ಮೇಲೊಂದು ಇಟ್ಟಾಗ ನಡುವೆ ಸಣ್ಣ ಸಂದು ಕಾಣಬೇಕು. ಸೆಂಟರ್ ಬೋಲ್ಟ್ ಬಿಗಿದಾಗ ಆ ಸಂದು ಮುಚ್ಚಿ, ತುದಿಗಳು ಒಂದನ್ನೊಂದು ಒತ್ತಿ ಹಿಡಿಯಬೇಕು. ಈ ಸಂದು ಇಲ್ಲದೆ ಎಲ್ಲವನ್ನೂ ಒಂದೇ ಅಚ್ಚಿಗೆ ಬಡಿದರೆ ಭಾರವೆಲ್ಲ ಮೇನ್ ಪಾಟಾದ ಮೇಲೆ ಬೀಳುತ್ತದೆ, ಉಳಿದವು ಮೆರವಣಿಗೆಗೆ ಬಂದವರಂತೆ ಸುಮ್ಮನೆ ಜೊತೆಗಿರುತ್ತವೆ.

ಮೂರನೆಯದು ಹೊಸ ಸೆಟ್ಟು. ಪದ್ಮಿನಿಯ ತಯಾರಿ ನಿಂತು ಎರಡು ದಶಕ ದಾಟಿದೆ. ಮುಂಬಯಿಯ ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಆ ಟ್ಯಾಕ್ಸಿಗಳು ಇರುವ ತನಕ ಬಿಡಿಭಾಗಕ್ಕೆ ಗಿರಾಕಿ ಇದ್ದರು, ಅಂಗಡಿಯೂ ಇತ್ತು. ಈಗ ಹಳೆ ಸ್ಟಾಕಿನ ಹೊಸ ಪಾಟಾ ಸಿಕ್ಕರೆ ಅದೃಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಸಿಕ್ಕಿದ್ದನ್ನು ಗ್ರೀಸ್ ಕಾಗದ ಬಿಚ್ಚಿ ನೋಡದೆ ಕೊಳ್ಳಬೇಡಿ. ಗೋದಾಮಿನ ಸೋರುವ ಮೂಲೆಯಲ್ಲಿ ಮೂವತ್ತು ವರ್ಷ ಕೂತ ಪಾಟಾದ ಮೇಲೆ ತುಕ್ಕಿನ ಕುಳಿ ಬಿದ್ದಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ, ಅದು ಹೊಸದಾದರೂ ಹಳೆಯದೇ. ಅಂಬಾಸಿಡರಿನವರು ಈ ವಿಷಯದಲ್ಲಿ ಸುಖಿಗಳು. ಆ ಕಾರು ಸರ್ಕಾರಿ ಕಚೇರಿಗಳಲ್ಲಿ, ಟ್ಯಾಕ್ಸಿ ನಿಲ್ದಾಣಗಳಲ್ಲಿ ಅಷ್ಟು ವರ್ಷ ಓಡಿದ್ದರಿಂದ ಮಾಲು ಇನ್ನೂ ಹರಿದಾಡುತ್ತಿದೆ.

ಮಾಡಿಸಿ ತರುವುದೂ ಉಂಟು. ದೇಶದಲ್ಲಿ ಪಾಟಾದ ದೊಡ್ಡ ತಯಾರಕರು ಹರಿಯಾಣದ ಯಮುನಾನಗರದಲ್ಲಿ 1950ರ ದಶಕದಲ್ಲಿ ಶುರುವಾದ ಜಮ್ನಾ ಆಟೊದವರು. ಆದರೆ ಅಂಥವರ ವ್ಯಾಪಾರ ಲಾರಿ-ಬಸ್ಸಿನ ಕಂಪನಿಗಳ ಜೊತೆ, ನಮ್ಮ ಒಂದು ಜೊತೆಗೆ ಅವರು ಕುಲುಮೆ ಹೊತ್ತಿಸುವುದಿಲ್ಲ. ಸಣ್ಣ ಅಂಗಡಿಗಳಿಗೆ ಹಳೆಯ ಸೆಟ್ಟನ್ನೇ ಮಾದರಿಯಾಗಿ ಕೊಡಬೇಕು. ಜೊತೆಗೆ ಬರೆದು ಕೊಡಬೇಕು: ಪಾಟಾ ಎಷ್ಟು, ಪ್ರತಿಯೊಂದರ ದಪ್ಪ-ಅಗಲ-ಉದ್ದ ಎಷ್ಟು, ಕಣ್ಣಿನ ಒಳವ್ಯಾಸ ಎಷ್ಟು, ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟಿಗೆ ಎಷ್ಟು ದೂರ. ಈ ಕೊನೆಯ ಅಳತೆ ಮರೆತವರು ಬಹಳ. ಎಷ್ಟೋ ಕಾರುಗಳಲ್ಲಿ ಸೆಂಟರ್ ಬೋಲ್ಟ್ ಸರಿಯಾಗಿ ನಡುವೆ ಇರುವುದಿಲ್ಲ. ತಿರುಗಾಮುರುಗಾ ಹಾಕಿದರೆ ಆಕ್ಸಲ್ ಹಿಂದೆ ಸರಿದು, ಗಾಲಿ ಮಡ್‌ಗಾರ್ಡಿನ ನಡುವೆ ಕೂರದೆ ಅಂಚಿಗೆ ತಾಗಿ ನಿಲ್ಲುತ್ತದೆ. ಬಾಗು ಎಷ್ಟಿರಬೇಕೆಂದು ಹಳೆಯ ಸೆಟ್ಟು ಹೇಳಲಾರದು, ಅದು ಚಪ್ಪಟೆಯಾಗಿದೆಯಲ್ಲ. ಅದಕ್ಕೆ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಬೇಕು, ಇಲ್ಲವೇ ಸರಿಯಾಗಿ ನಿಂತ ಅದೇ ಮಾದರಿಯ ಇನ್ನೊಂದು ಕಾರನ್ನು ಅಳೆಯಬೇಕು.

ಬೇರೆ ಗಾಡಿಯ ಪಾಟಾ ತಂದು ಹೊಂದಿಸುವ ಜಾಣರೂ ನಮ್ಮಲ್ಲಿ ಕಡಿಮೆಯಿಲ್ಲ. ಓಮ್ನಿಯದ್ದು, ಟಾಟಾ ಏಸಿನದ್ದು ಎಂದು ಕೇಳಿದ್ದೇನೆ. ಕಣ್ಣು ಕತ್ತರಿಸಿ ಹೊಸ ಕಣ್ಣು ಸುತ್ತಬೇಕು, ಶಕಲ್ ಬದಲಿಸಬೇಕು, ಕೊನೆಗೆ ಬಿಗುವು ಎಷ್ಟಾಯಿತೆಂದು ಯಾರಿಗೂ ತಿಳಿದಿರುವುದಿಲ್ಲ. ಸಾಮಾನು ಹೊರುವ ಗಾಡಿಯ ಪಾಟಾ ಸಾಮಾನಿಗೇ ಹುಟ್ಟಿದ್ದು. ನಡುವೆ ದಪ್ಪ, ತುದಿಗೆ ತೆಳು ಬರುವ ಪ್ಯಾರಾಬೋಲಿಕ್ ಪಾಟಾ ಮಾತ್ರ ನಿಜಕ್ಕೂ ಒಳ್ಳೆಯ ವಿಚಾರ: ಪಟ್ಟಿಗಳು ಕಡಿಮೆ, ಉಜ್ಜುವಿಕೆ ಕಡಿಮೆ. ಆದರೆ ನಮ್ಮ ಹಳೆ ಕಾರುಗಳ ಅಳತೆಗೆ ಅದನ್ನು ಒಂದೇ ಜೊತೆ ಮಾಡಿಸಲು ಹೊರಟರೆ ಕಾರಿನ ಬೆಲೆಯನ್ನೇ ಕೇಳುತ್ತಾರೆ. ಸುರುಳಿ ಸ್ಪ್ರಿಂಗಿಗೆ ಬದಲಿಸುವುದಂತೂ ಬೇಡವೇ ಬೇಡ. ಪಾಟಾ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲನ್ನು ಹಿಂದೆ-ಮುಂದೆ, ಅತ್ತಿತ್ತ ಹೋಗದಂತೆ ಹಿಡಿದಿಡುವುದೂ ಅದೇ. ಅದನ್ನು ತೆಗೆದರೆ ಆ ಕೆಲಸಕ್ಕೆ ನಾಲ್ಕೈದು ತೋಳು ವೆಲ್ಡ್ ಮಾಡಬೇಕಾಗುತ್ತದೆ.

ಅಲ್ಲಿ ಕಾನೂನೂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಂತೆ ಐವತ್ತು ವರ್ಷ ತುಂಬಿದ, ಚಾಸಿ-ಬಾಡಿ-ಎಂಜಿನ್ ದೊಡ್ಡದಾಗಿ ಬದಲಾಗದ ಖಾಸಗಿ ಕಾರಿಗೆ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ನನ್ನ ಕೆಎ-26ರ ಫಿಯೆಟ್ಟಿಗೆ 2028ರಲ್ಲಿ ಐವತ್ತು. ಪಾಟಾ ಮರುಬಾಗಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಚಾಸಿಗೆ ವೆಲ್ಡಿಂಗ್ ಬಿದ್ದರೆ ಕೇಳುತ್ತಾರೆ.

ಜೀಪಿನವರಿಗೆ ಬೇರೆಯೇ ಎಚ್ಚರಿಕೆ. ನಮ್ಮ ಕಡೆ ಉಳಿದ ಬಹಳಷ್ಟು ಜೀಪುಗಳು ಒಂದು ಕಾಲಕ್ಕೆ ಹಿಂದೆ ಎದುರುಬದುರು ಬೆಂಚು ಹಾಕಿ, ಫುಟ್‌ಬೋರ್ಡಿನ ಮೇಲೂ ಜನ ನಿಲ್ಲಿಸಿ ಹಳ್ಳಿಯಿಂದ ಸಂತೆಗೆ ಹೊತ್ತವು. ಆಗ ಸೇರಿಸಿದ ಪಾಟಾಗಳು ಈಗಲೂ ಅಡಿಯಲ್ಲಿವೆ. ಇವತ್ತಿನ ಮಾಲೀಕ ಹುಡ್ ಇಳಿಸಿ ಮಿಲಿಟರಿ ಹಸಿರು ಬಳಿದು ಒಬ್ಬನೇ ಓಡಿಸುವಾಗ, ಹದಿನೈದು ಜನರ ಪಾಟಾ ಒಬ್ಬನನ್ನು ಹೊರುತ್ತಿರುತ್ತದೆ. ವಿಲ್ಲಿಸ್ ಕಾಲದ ಪಾಟಾ ಒಂದೂಮುಕ್ಕಾಲು ಇಂಚು ಅಗಲ. ಅದರ ಮೂಲ ಸಂಖ್ಯೆ ಎಷ್ಟೆಂದು ನೋಡಿ, ಹೆಚ್ಚಿನದನ್ನು ತೆಗೆಯಿರಿ. ದುಡ್ಡು ಕೊಡದೆ ಆಗುವ ರಿಪೇರಿ ಇದೊಂದೇ.

ಹೆರಾಲ್ಡಿನಲ್ಲಿ ಪಾಟಾ ಉದ್ದಕ್ಕಿಲ್ಲ, ಅಡ್ಡಕ್ಕಿದೆ; ಡಿಫರೆನ್ಷಿಯಲ್ಲಿನ ತಲೆಯ ಮೇಲೆ ಕೂತು ಎರಡೂ ಗಾಲಿಯನ್ನು ಒಂದೇ ಹಿಡಿಯುತ್ತದೆ. ಅದರ ಅರ್ಧ ಆಕ್ಸಲ್‌ಗಳು ಡಿಫರೆನ್ಷಿಯಲ್ಲಿನ ಪಕ್ಕದಲ್ಲಿ ಕೀಲುಗೊಂಡು ತೂಗುತ್ತವೆ. ಅಲ್ಲಿ ಪಾಟಾ ಎತ್ತರವಾದರೆ ಗಾಲಿಗಳ ತಳ ಒಳಕ್ಕೆ ಮಡಚಿ, ತಿರುವಿನಲ್ಲಿ ಹಿಂಭಾಗ ಎದ್ದು ಜಾರುತ್ತದೆ. ಪದ್ಮಿನಿಯಲ್ಲಿ ತಪ್ಪು ಬಾಗು ಸೊಂಟ ನೋವು, ಹೆರಾಲ್ಡಿನಲ್ಲಿ ಪಲ್ಟಿ. ಆ ಕಾರು ಇದ್ದವರು ಊರ ಗ್ಯಾರೇಜಿನ ಪ್ರಯೋಗಕ್ಕೆ ಇಳಿಯಬಾರದು.

ಕೊನೆಗೆ ಬುಷ್ಷು. ಚಿಕ್ಕ ರಬ್ಬರಿನ ತುಂಡು, ಆದರೆ ಹೊಸ ಪಾಟಾ ಹಾಕಿಸಿ ಹಳೆಯ ಬುಷ್ಷು ಉಳಿಸಿದವನ ಕಾರು ಕಟಕಟ ಎನ್ನುತ್ತಲೇ ಇರುತ್ತದೆ. ನಾಲ್ಕೂ ಕಣ್ಣಿಗೆ, ಶಕಲ್ಲಿಗೆ ಹೊಸದು ಹಾಕಿ. ಪಾಲಿಯುರೆಥೇನ್ ಬುಷ್ಷು ಹೆಚ್ಚು ಬಾಳುತ್ತದೆಂದು ಮಾರುತ್ತಾರೆ; ನಿಜ, ಆದರೆ ರಸ್ತೆಯ ಸದ್ದನ್ನೆಲ್ಲ ಒಳಗೆ ತರುತ್ತದೆ. ನನ್ನ ಮತ ರಬ್ಬರಿಗೆ. ಕಣ್ಣಿನ ಬೋಲ್ಟನ್ನು ಕಾರು ಜ್ಯಾಕಿನ ಮೇಲಿದ್ದಾಗ ಬಿಗಿಯಬಾರದು, ಗಾಲಿ ನೆಲಕ್ಕೆ ತಾಗಿ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರು ಹುಟ್ಟುತ್ತಲೇ ತಿರುಚಿಕೊಂಡು ಆರು ತಿಂಗಳಿಗೆ ಹರಿಯುತ್ತದೆ. ಯು-ಬೋಲ್ಟ್ ಹಳೆಯದನ್ನು ಮತ್ತೆ ಹಾಕಬೇಡಿ, ಒಮ್ಮೆ ಜಗ್ಗಿದ ಎಳೆ ಮತ್ತೆ ಹಿಡಿಯುವುದಿಲ್ಲ. ಅದು ಸಡಿಲಾದರೆ ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ, ಆಕ್ಸಲ್ ಒಂದು ಕಡೆ ಜಾರುತ್ತದೆ, ಕಾರು ಏಡಿಯಂತೆ ಓರೆಯಾಗಿ ಓಡುತ್ತದೆ. ಹಿಂದೆ ಬರುವವರು ನೋಡಿ ನಗುವ ತನಕ ಓಡಿಸುವವನಿಗೆ ತಿಳಿಯುವುದಿಲ್ಲ.

ನನ್ನ ಫಿಯೆಟ್ಟಿಗೆ ಈಗ ಇರುವುದು ಮೂಲದ ಸಂಖ್ಯೆ, ಮೂಲದ ದಪ್ಪ. ಸೀಳಿದ ಮೇನ್ ಪಾಟಾದ ಜೋಡಿ ಹೊಸದು, ಉಳಿದವು ಎಣ್ಣೆಯಲ್ಲಿ ಹದಗೊಂಡು ಮರುಬಾಗಿದವು. ಜೊತೆಗೆ ಶಾಕ್‌ಅಬ್ಸಾರ್ಬರ್ ಎರಡೂ ಹೊಸವು. ಹಿಂಭಾಗ ಮೊದಲಿಗಿಂತ ಒಂದೂವರೆ ಇಂಚು ಮೇಲಿದೆ. ಹೋದ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತು ನೋಡಲು ಮಾಗಡಿ ಕೆರೆಗೆ ಹೋಗಿ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆವು. ಅತ್ತಿಗೆ ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರು.

ನೀವೂ ಹೊಸ ಸೆಟ್ಟು ಹಾಕಿಸಿದ್ದರೆ ಐನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟನ್ನು ಇನ್ನೊಮ್ಮೆ ಬಿಗಿಸಿ. ಗ್ಯಾರೇಜಿನವರು ಇದನ್ನು ನೆನಪಿಸುವುದಿಲ್ಲ.